ಲೆಕ್ಕ ಮಾಡಿದ ಕೈಗಳು

ಈ ಸಲದ ಚೌತಿಗೆ ತವರಿಗೆ ಹೋಗಿದ್ದೆ. ನನ್ನ ತವರು ಅಮದಳ್ಳಿ. ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಬಿಣಗಾ, ಅರಗಾ ದಾಟಿದ ಮೇಲೆ ಸಿಗುವ ಊರು. ವೀರಗಣಪತಿಯ ದೇವಸ್ಥಾನವಿರುವ ಊರು ಎಂದರೆ ಸುತ್ತಲಿನವರಿಗೆ ಥಟ್ಟನೆ ತಿಳಿಯುತ್ತದೆ. ಮದುವೆಯಾಗಿ ಹುಬ್ಬಳ್ಳಿ ಸೇರಿ ನಲವತ್ತು ವರ್ಷ ದಾಟಿದರೂ ಚೌತಿ ಬಂದರೆ ನನ್ನ ಕಾಲು ಆ ಕಡೆಗೇ ಎಳೆಯುತ್ತದೆ.

ಸಂಜೆಯ ಆರತಿಗೆ ಓಣಿಯ ಹುಡುಗರು ಗುಮಟೆ ತಂದರು. ಘಟ್ಟದ ಮೇಲಿನವರು ಗುಮಟೆಯನ್ನು ಕಂಡಿರಲಿಕ್ಕಿಲ್ಲ. ಅದೊಂದು ಮಣ್ಣಿನ ಗಡಿಗೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದು ಒಂದು ಕೈಯಿಂದ ಬಡಿಯುತ್ತಾರೆ. ಚಿಕ್ಕ ಬಾಯಿಯನ್ನು ಇನ್ನೊಂದು ಅಂಗೈಯಿಂದ ಮುಚ್ಚಿ ತೆರೆದು ಸ್ವರ ಹೊರಳಿಸುತ್ತಾರೆ. ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನಿಂದ ಹಿಡಿದು ಚೌತಿಯ ಆರತಿಯವರೆಗೆ ನಮ್ಮ ಕರಾವಳಿಯಲ್ಲಿ ಅದಿಲ್ಲದೆ ಆಗುವುದಿಲ್ಲ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. ನಮ್ಮ ಹುಡುಗರ ಕೈಯಲ್ಲಿದ್ದದ್ದು ಆಡಿನ ಚರ್ಮದ್ದು.

ನನ್ನ ಪಕ್ಕದಲ್ಲಿ ಅಣ್ಣನ ಮಗಳು ಕೂತಿದ್ದಳು. ಬೆಂಗಳೂರಿನಲ್ಲಿ ಎಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ.

"ಅತ್ತೆ, ಕೇಳಿದ್ಯಾ? ಮೆಲ್ಲ ಬಡಿದ್ರೆ ಒಂದೇ ಸ್ವರ. ಜೋರಾಗಿ ಬಡಿದ್ರೆ ಮೊದಲು ಚೂರು ಮೇಲೆ ಹೋಗಿ ಆಮೇಲೆ ಕೆಳಗೆ ಇಳೀತದೆ."

"ಜೋರಾಗಿ ಬಡಿದಾಗ ಚರ್ಮ ಹಿಗ್ಗಿ ಬಿಗಿ ಆಗ್ತದಲ್ಲೇ, ಅದಕ್ಕೆ," ಎಂದೆ.

ಅವಳು ಪೂರ್ತಿ ನನ್ನ ಕಡೆ ತಿರುಗಿದಳು. "ನಿಂಗೆ ಹೇಗೆ ಗೊತ್ತು?"

ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ತುಸು ಹೊತ್ತು ಬೇಕಾಯಿತು. ಜಗಲಿಯ ಆಚೆ ತುದಿಯಲ್ಲಿ ಅಣ್ಣ ಕೂತಿದ್ದ. ನನಗೆ ಹೇಗೆ ಗೊತ್ತು ಎಂಬುದನ್ನು ಅವನು ತನ್ನ ಮಗಳಿಗೆ ಎಂದೂ ಹೇಳಿರಲಿಲ್ಲವೆಂದು ನನಗೆ ಆಗ ತಿಳಿಯಿತು.

* * *

ಮೊದಲು ಈ ಹುಡುಗಿ ಮಾಡುವ ಕೆಲಸವೇನೆಂದು ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಅದಕ್ಕೆ ಹೇಗೆ ತಿಳಿಯಿತು? ಒಳಗೆ ಸಿಲಿಕಾನಿನಲ್ಲಿ ಕೆತ್ತಿದ ಪುಟ್ಟ ತೂಕವೊಂದು ಅಷ್ಟೇ ಪುಟ್ಟ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಫೋನು ವಾಲಿದರೆ ಅದೂ ವಾಲುತ್ತದೆ. ಕಾರು ಢಿಕ್ಕಿ ಹೊಡೆದಾಗ ಗಾಳಿಚೀಲ ಉಬ್ಬಿಸಲು ಸೂಚನೆ ಕೊಡುವುದು ಇಂಥದ್ದೇ ಸಾಧನ. ನಮ್ಮ ಮಾತು ಕೇಳಿಸಿಕೊಳ್ಳುವ ಫೋನಿನ ಮೈಕು ಕೂಡ ಒಂದು ತೆಳು ಪೊರೆ, ಒಂದು ಮರಿ ಗುಮಟೆ ಎನ್ನಿ. ತಲೆಗೂದಲು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ತೆಳ್ಳಗೆ. ಈ ಸ್ಪ್ರಿಂಗುಗಳ ದಪ್ಪ ಕೂದಲಿನ ದಪ್ಪದಲ್ಲಿ ಒಂದು ಚಿಕ್ಕ ಪಾಲು. ಇವಕ್ಕೆ ಮೆಮ್ಸ್ ಎನ್ನುತ್ತಾರೆ. ಇನ್ನೂ ಚಿಕ್ಕವು, ಕೆಲವೇ ಅಣುಗಳ ದಪ್ಪದವು ಬಂದರೆ ನೆಮ್ಸ್.

ಇವುಗಳನ್ನು ಮಾಡುವುದು ಸುಲಭವಲ್ಲ. ಧೂಳಿಲ್ಲದ ಕೋಣೆಯಲ್ಲಿ, ಮೈಯೆಲ್ಲ ಮುಚ್ಚುವ ಬಟ್ಟೆ ತೊಟ್ಟು, ವಾರಗಟ್ಟಲೆ ಪದರದ ಮೇಲೆ ಪದರ ಹಾಕಿ ಕೊರೆಯಬೇಕು. ಅಷ್ಟೆಲ್ಲ ಮಾಡಿದ ಮೇಲೆ ಅದು ನಾವೆಣಿಸಿದಂತೆ ಅಲುಗಾಡದಿದ್ದರೆ? ಆದ್ದರಿಂದ ಮೊದಲು ಅದನ್ನು ಲೆಕ್ಕದಲ್ಲಿ ಕಟ್ಟಿ, ಲೆಕ್ಕದಲ್ಲೇ ಅಲುಗಾಡಿಸಿ ನೋಡುತ್ತಾರೆ. ಇದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ನನ್ನ ಸೊಸೆ ಮಾಡುತ್ತಿರುವುದು ಅದನ್ನೇ.

ಇದರಲ್ಲಿ ಕಷ್ಟವೇನು ಎಂದು ನೀವು ಕೇಳಬಹುದು. ಅಂಗಡಿಯ ಸ್ಪ್ರಿಂಗ್ ತಕ್ಕಡಿಯನ್ನು ನೆನೆಸಿಕೊಳ್ಳಿ. ಒಂದು ಕಿಲೋ ತೂಗಿಸಿದರೆ ಒಂದು ಗೆರೆ, ಎರಡು ಕಿಲೋ ತೂಗಿಸಿದರೆ ಎರಡು ಗೆರೆ. ಇದು ನೇರ ಲೆಕ್ಕ. ಈಗ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಬಿಗಿದು ಕಟ್ಟಿದ ತಂತಿಯ ನಡುವೆ ಬೆರಳಿಟ್ಟು ಜಗ್ಗಿ. ಮೊದಲ ಅಂಗುಲ ಸಲೀಸು. ಎರಡನೆಯ ಅಂಗುಲಕ್ಕೆ ಅದು ಮುನಿಯುತ್ತದೆ. ಮೂರನೆಯದಕ್ಕೆ ಬೆರಳು ನೋಯುತ್ತದೆ. ಬಗ್ಗಿದಷ್ಟೂ ತಂತಿ ಹಿಗ್ಗಿ ಬಿಗಿಯಾಗುವುದೇ ಕಾರಣ. ಇಲ್ಲಿ ಎರಡರಷ್ಟು ಜಗ್ಗಿದರೆ ಎರಡರಷ್ಟು ಬಾಗುವುದಿಲ್ಲ. ಇದು ನೇರವಲ್ಲದ ಲೆಕ್ಕ. ಇಂಗ್ಲಿಷಿನವರು ನಾನ್‌ಲೀನಿಯರ್ ಎನ್ನುತ್ತಾರೆ, ಕನ್ನಡದಲ್ಲಿ ಅರೇಖೀಯ ಎಂದು ಬರೆಯುತ್ತಾರೆ. ಗುಮಟೆಯ ಚರ್ಮ ಮಾಡಿದ್ದೂ ಇದನ್ನೇ.

ದೊಡ್ಡ ತೊಲೆಗಳಲ್ಲಿ ಈ ಹಠ ಬೇಗ ಕಾಣುವುದಿಲ್ಲ. ಎರಡೂ ತುದಿ ಬಿಗಿದ ತೊಲೆಯೊಂದು ತನ್ನ ದಪ್ಪದ ಆಸುಪಾಸಿನಷ್ಟು ಅಲುಗಾಡಿದಾಗ ಅದು ಎದ್ದು ತೋರುತ್ತದೆ. ಮನೆಯ ತೊಲೆ ಅಷ್ಟು ಅಲುಗಾಡುವ ಮೊದಲೇ ನಾವು ಹೊರಗೆ ಓಡಿರುತ್ತೇವೆ. ಆದರೆ ಕೆಲವೇ ಅಣುಗಳ ದಪ್ಪದ ಪೊರೆಗೆ ತನ್ನ ದಪ್ಪದಷ್ಟು ಅಲುಗಾಡುವುದೆಂದರೆ ಏನೂ ಅಲ್ಲ. ಹಾಗಾಗಿ ಚಿಕ್ಕದಾದಷ್ಟೂ ನೇರ ಲೆಕ್ಕ ಕೈಕೊಡುತ್ತದೆ.

* * *

ತಂತಿ, ಚರ್ಮಗಳ ಈ ಕಂಪನವನ್ನು ನಮ್ಮ ದೇಶದಲ್ಲಿ ಮನಸ್ಸಿಟ್ಟು ನೋಡಿದವರು ಸಿ. ವಿ. ರಾಮನ್. 1907ರಲ್ಲಿ ಅವರು ಕಲಕತ್ತೆಯಲ್ಲಿ ಸರಕಾರಿ ಹಣಕಾಸು ಇಲಾಖೆಯ ಅಧಿಕಾರಿ. ಕಚೇರಿಯ ಲೆಕ್ಕಪತ್ರ ಮುಗಿಸಿ ಪ್ರಯೋಗಶಾಲೆಗೆ ಹೋಗಿ ತಂತಿಗಳನ್ನು ಮೀಟುತ್ತಿದ್ದರು. ತಂತಿಯ ಬಿಗಿತವನ್ನೇ ಲಯಬದ್ಧವಾಗಿ ಏರಿಸಿ ಇಳಿಸಿದರೆ ತಂತಿ ತಾನಾಗಿ ದೊಡ್ಡದಾಗಿ ಕಂಪಿಸತೊಡಗುತ್ತದೆ. ಇಂಥ ಕಂಪನಗಳ ಮೇಲಿನ ಅವರ ದೊಡ್ಡ ಪ್ರಬಂಧ 1912ರಲ್ಲಿ ಬಂತು. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಕಾಲಿಯ ಮೇಲೆ ನಿಂತು, ಯಾರೂ ತಳ್ಳದೆ, ಕೂತು ಎದ್ದು ಕೂತು ಎದ್ದು ಜೀಕಿದವರಿಗೆ ಗೊತ್ತು. ಜೋಕಾಲಿ ಒಮ್ಮೆ ಹೋಗಿ ಬರುವಷ್ಟರಲ್ಲಿ ನಾವು ಎರಡು ಸಲ ಕೂತೇಳುತ್ತೇವೆ. ಆ ಎರಡರ ಲೆಕ್ಕವೇ ಅದರ ಗುಟ್ಟು.

1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ನಮ್ಮ ಮೃದಂಗ, ತಬಲಾಗಳ ಕುರಿತು 'ನೇಚರ್' ಪತ್ರಿಕೆಯಲ್ಲಿ ಬರೆದರು. ಬರೀ ಚರ್ಮದ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ನಡುವೆ ಮೆತ್ತುವ ಕರಿಯ ಲೇಪ ಅವನ್ನು ಹೊಂದಿಸುತ್ತದೆ ಎಂದು ತೋರಿಸಿದರು. ಚರ್ಮದ ಮೇಲೆ ಮರಳು ಉದುರಿಸಿ, ಬಡಿದು, ಮರಳು ಎಲ್ಲಿ ಸಾಲುಗಟ್ಟುತ್ತದೆಂದು ನೋಡುವುದು ಅವರ ಕ್ರಮ. ಚರ್ಮವೇ ತನ್ನ ರಂಗೋಲಿ ತಾನು ಬರೆದುಕೊಳ್ಳುತ್ತದೆ. 1934ರಲ್ಲಿ ಇದರ ವಿಸ್ತಾರವಾದ ಪ್ರಬಂಧ ಬಂತು. ಆ ಹೊತ್ತಿಗೆ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು.

ಅದೇ ಸಂಸ್ಥೆಯ ಬಾಗಿಲಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ನಿಂತಿದ್ದಳು. ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ. ಹೆಣ್ಣೆಂಬ ಕಾರಣಕ್ಕೆ ರಾಮನ್ ಮೊದಲು ಪ್ರವೇಶ ಕೊಡಲಿಲ್ಲ. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಜ್ಜಿನಲ್ಲಿ ಪಿಎಚ್.ಡಿ. ಪಡೆದ ಕಮಲಾ ಸೊಹೊನಿ. ರಾಮನ್ ಅವರ ದೊಡ್ಡತನಕ್ಕೆ ಇದರಿಂದ ಕುಂದು ಬಂತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಚರ್ಮದ ಅಷ್ಟು ಸೂಕ್ಷ್ಮ ಸ್ವರಗಳು ಕೇಳಿಸಿದ ಕಿವಿಗೂ ಕೆಲವು ಸ್ವರ ತಡವಾಗಿ ಕೇಳಿಸುತ್ತವೆ, ಅಷ್ಟೆ.

* * *

ಇನ್ನು ನನ್ನ ಕಥೆ. 1980ರಲ್ಲಿ ನಾನು ಕಾರವಾರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಗಣಿತ ನನಗೆ ಇಷ್ಟದ ವಿಷಯ. ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗುತ್ತೇನೆಂದಾಗ ಆಯಿ "ಒಂದು ವರ್ಷ ತಡಿ" ಎಂದಿದ್ದಳು. ಆ ಒಂದು ವರ್ಷ ಮುಗಿಯಲೇ ಇಲ್ಲ. ಅಣ್ಣ ಆಗ ದೂರದ ಊರಿನಲ್ಲಿ ಎಂ.ಇ. ಓದುತ್ತಿದ್ದ. ಅವನ ಪ್ರಬಂಧದ ವಿಷಯ ತೊಲೆಗಳ ಅರೇಖೀಯ ಕಂಪನ. ಅವನ ಕಾಲೇಜಿನಲ್ಲಿ ಕಂಪ್ಯೂಟರಿನ ಸರದಿ ಸಿಗುವುದು ಕಷ್ಟವಾಗಿತ್ತು. ಅವನು ನನಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದ: "ತಂಗಿ, ಒಂದು ಸಮೀಕರಣ ಕಳಿಸ್ತೇನೆ. ಲೆಕ್ಕ ಮಾಡಿ ಕೊಡ್ತ್ಯಾ?"

ಆ ಸಮೀಕರಣಕ್ಕೆ ಡಫಿಂಗ್ ಎಂಬ ಜರ್ಮನ್ ಎಂಜಿನಿಯರನ ಹೆಸರು. ಗೇಯಾರ್ಗ್ ಡಫಿಂಗ್ 1918ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತೂಗಾಡಿದಷ್ಟೂ ಬಿಗಿಯಾಗುವ ವಸ್ತುವನ್ನು ಲಯಬದ್ಧವಾಗಿ ತಳ್ಳಿದರೆ ಏನಾಗುತ್ತದೆಂದು ವಿಚಾರ ಮಾಡಿದ್ದ. ಸೆಕೆಂಡಿಗೆ ಇಷ್ಟು ಸಲ ತಳ್ಳಿದರೆ ತೂಗಾಟ ಎಷ್ಟು ದೊಡ್ಡದು? ಪ್ರತಿ ವೇಗಕ್ಕೂ ಒಂದು ಘನ ಸಮೀಕರಣ ಬಿಡಿಸಬೇಕು. ಉತ್ತರ ಊಹಿಸಿ, ಹಾಕಿ ನೋಡಿ, ತಿದ್ದಿ, ಮತ್ತೆ ಹಾಕಬೇಕು. ನನ್ನ ಹತ್ತಿರ ಇದ್ದದ್ದು ಕ್ಲಾರ್ಕ್ಸ್ ಟೇಬಲ್ಸ್ ಎಂಬ ಲಾಗರಿದಮ್ ಪುಸ್ತಕ ಮತ್ತು ಇನ್ನೂರು ಪುಟದ ನೋಟುಬುಕ್ಕು. ಹಗಲು ಅಡಿಗೆ, ದನದ ಕೆಲಸ. ರಾತ್ರಿ ಊಟವಾದ ಮೇಲೆ ಲೆಕ್ಕ. ಮಳೆಗಾಲದಲ್ಲಿ ಕರೆಂಟು ಹೋದರೆ ಕಂದೀಲು. ಒಂದು ಉತ್ತರಕ್ಕೆ ಅರ್ಧ ತಾಸು, ಕೆಲವಕ್ಕೆ ಒಂದು ತಾಸು.

ಶ್ರಮ ಉಳಿಸಲು ಒಂದು ಉಪಾಯ ಕಂಡುಕೊಂಡೆ. ಹಿಂದಿನ ವೇಗದ ಉತ್ತರವನ್ನೇ ಮುಂದಿನದಕ್ಕೆ ಊಹೆಯಾಗಿ ಇಟ್ಟುಕೊಂಡರೆ ಬೇಗ ಮುಗಿಯುತ್ತಿತ್ತು. ಹೀಗೆ ವೇಗ ಏರಿಸುತ್ತ ಹೋದೆ. ತೂಗಾಟ ಏರುತ್ತ ಏರುತ್ತ ಹೋಗಿ, ಒಂದು ಕಡೆ ಧಡಕ್ಕನೆ ಕೆಳಗೆ ಬಿತ್ತು. ತಾಳೆ ನೋಡೋಣವೆಂದು ಕೆಳಗಿನಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಬಂದೆ. ಬಿದ್ದ ಜಾಗಕ್ಕೆ ಬಂದರೂ ಅದು ಮೇಲೆ ಏರಲಿಲ್ಲ. ತಗ್ಗಿನಲ್ಲೇ ಸಾಗಿ, ಬಹಳ ಹಿಂದೆ, ಬೇರೆಯೇ ಒಂದು ಕಡೆ ಥಟ್ಟನೆ ಮೇಲಕ್ಕೆ ಜಿಗಿಯಿತು. ಒಂದೇ ವೇಗಕ್ಕೆ ಎರಡು ಉತ್ತರ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಮೂರು ರಾತ್ರಿ ಕೂತು ಮೊದಲಿಂದ ಮಾಡಿದೆ. ಹಾಗೇ ಬಂತು.

ಅಣ್ಣನಿಗೆ ಬರೆದೆ. "ಒಂದು ಪ್ರಶ್ನೆಗೆ ಎರಡು ಉತ್ತರ ಹೇಗೆ ಬರ್ತದೆ? ನಿದ್ದೆಗಣ್ಣಲ್ಲಿ ಮಾಡಿರ್ತೀ" ಎಂದು ಉತ್ತರ ಬಂತು. ಅಂದು ರಾತ್ರಿ ಅತ್ತಿದ್ದೆ. ಹದಿನೈದು ದಿನ ಬಿಟ್ಟು ಇನ್ನೊಂದು ಪತ್ರ: "ಗೈಡ್ ನೋಡಿದ್ರು. ಲೆಕ್ಕ ಸರಿ ಇದೆಯಂತೆ. ಅದು ಹಾಗೇ ಜಿಗಿಯೂದಂತೆ." ನಿಜವಾಗಿ ಅಲ್ಲಿರುವುದು ಎರಡಲ್ಲ, ಮೂರು ಉತ್ತರ. ನಡುವಿನದು ಮೊಟ್ಟೆಯನ್ನು ತುದಿಯ ಮೇಲೆ ನಿಲ್ಲಿಸಿದ ಹಾಗೆ. ಲೆಕ್ಕದಲ್ಲಿ ಇದೆ, ಪ್ರಪಂಚದಲ್ಲಿ ನಿಲ್ಲುವುದಿಲ್ಲ. ಉಳಿದ ಎರಡರಲ್ಲಿ ಯಾವುದು ಸಿಗುತ್ತದೆ ಎಂಬುದು ನೀವು ಯಾವ ದಾರಿಯಿಂದ ಬಂದಿರಿ ಎಂಬುದರ ಮೇಲೆ. ಆ ಪತ್ರ ಓದಿದ ದಿನ ನನಗಾದ ಸಂತೋಷ ಮದುವೆಯ ದಿನ ಕೂಡ ಆಗಿರಲಿಲ್ಲ ಎಂದರೆ ನೀವು ನಗಬಾರದು.

1981ರಲ್ಲಿ ಪ್ರಬಂಧ ಮುಗಿಯಿತು. ಕೆಂಪು ರಟ್ಟಿನ ಪ್ರತಿಯೊಂದನ್ನು ಅಣ್ಣ ಮನೆಗೆ ತಂದ. ನಾಲ್ಕನೆಯ ಅಧ್ಯಾಯದ ಕೋಷ್ಟಕಗಳೆಲ್ಲ ನನ್ನವು. ಮೊದಲ ಪುಟದಲ್ಲಿ ಗೈಡಿಗೆ ಕೃತಜ್ಞತೆ, ಪ್ರಯೋಗಶಾಲೆಯ ಸಿಬ್ಬಂದಿಗೆ ಕೃತಜ್ಞತೆ, ಗೆಳೆಯರಿಗೆ, ಟೈಪು ಮಾಡಿದವರಿಗೆ ಕೃತಜ್ಞತೆ. ಕೊನೆಯಲ್ಲಿ ತಂದೆ ತಾಯಿಯರ ಆಶೀರ್ವಾದ. ಎರಡು ಸಲ ಓದಿದೆ. ಅಡಿಗೆಮನೆಗೆ ಹೋಗಿ ಅಣ್ಣನಿಗೆ ಇಷ್ಟದ ಬಂಗುಡೆ ಸಾರು ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ.

* * *

ಚೌತಿಯ ಆ ರಾತ್ರಿ ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ಮೇರಿ ಸಿಂಗು ಗೊತ್ತುಂಟಾ ನಿಂಗೆ?" ಎಂದು ಕೇಳಿದಳು. ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

ಮೇರಿ ಸಿಂಗು 1928ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದವಳು. ಗ್ರೀಕ್ ಮೂಲದ ಮನೆತನ. 1951ರಲ್ಲಿ ಪದವಿ ಪಡೆದಾಗ ಗಣಿತ ಓದಿದ ಹೆಣ್ಣುಮಕ್ಕಳಿಗೆ ಅಲ್ಲಿಯೂ ಹೆಚ್ಚು ದಾರಿಗಳಿರಲಿಲ್ಲ. ಆಕೆಗೆ ಪಾಠ ಹೇಳಿದ ಒಬ್ಬ ಅಧ್ಯಾಪಕಿ, ಲಾಸ್ ಅಲಾಮೋಸ್ ಪ್ರಯೋಗಶಾಲೆಗೆ ಅರ್ಜಿ ಹಾಕು ಎಂದರು. ಕೊರಿಯಾ ಯುದ್ಧದ ಕಾಲ. ಗಂಡಸರು ಸಿಗದೆ ಅಲ್ಲಿ ಹೆಣ್ಣುಮಕ್ಕಳನ್ನೂ ಲೆಕ್ಕದ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. 1952ರಲ್ಲಿ ಸೇರಿದ ಮೇರಿ ಮೊದಲು ಕೈಲೆಕ್ಕ ಮಾಡಿದಳು. ಬಳಿಕ ಹೊಸದಾಗಿ ಬಂದಿದ್ದ ಮೇನಿಯಾಕ್ ಎಂಬ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯತೊಡಗಿದಳು.

ಆಗ ಎನ್ರಿಕೋ ಫರ್ಮಿ, ಜಾನ್ ಪಾಸ್ತಾ, ಸ್ಟಾನಿಸ್ಲಾವ್ ಉಲಂ ಎಂಬ ಮೂವರು ಒಂದು ಪ್ರಶ್ನೆ ಹಾಕಿಕೊಂಡಿದ್ದರು. ಸಾಲಾಗಿ 64ರವರೆಗೆ ಕಣಗಳನ್ನು ಸ್ಪ್ರಿಂಗುಗಳಿಂದ ಪೋಣಿಸಿ ಒಂದು ತಂತಿ ಮಾಡಿಕೊಳ್ಳುವುದು. ಸ್ಪ್ರಿಂಗುಗಳು ಸ್ವಲ್ಪವೇ ಹಠಮಾರಿಗಳು, ಪೂರ್ತಿ ನೇರವಲ್ಲ. ತಂತಿಯನ್ನು ಒಂದೇ ಬಗೆಯ ಅಲೆಯಲ್ಲಿ ಅಲುಗಾಡಿಸಿ ಬಿಟ್ಟರೆ, ಬಿಸಿ ಕಾಫಿಯಲ್ಲಿ ಸಕ್ಕರೆ ಕರಗಿ ಹರಡುವಂತೆ, ಅದರ ಶಕ್ತಿ ಎಲ್ಲ ಬಗೆಯ ಅಲೆಗಳಿಗೂ ಹರಡಬೇಕು ಎಂದು ಅವರ ಎಣಿಕೆ. ಆ ಲೆಕ್ಕಕ್ಕೆ ಪ್ರೋಗ್ರಾಮ್ ಬರೆದು ಯಂತ್ರದಲ್ಲಿ ನಡೆಸಿದವಳು ಮೇರಿ. ಮೊದಮೊದಲು ಶಕ್ತಿ ಹರಡಿತು. ಆದರೆ ಇನ್ನೂ ಮುಂದಕ್ಕೆ ಓಡಿಸಿದಾಗ ಅದು ಮರಳಿ ಮೊದಲಿನ ಅಲೆಗೇ ಬಂದು ಸೇರತೊಡಗಿತು. ನೂರಕ್ಕೆ ಸುಮಾರು 97 ಪಾಲು ಹಿಂದಿರುಗಿತ್ತು. ಕರಗಿದ ಸಕ್ಕರೆ ಮತ್ತೆ ಚಮಚೆಗೆ ಬಂದು ಕೂತ ಹಾಗೆ!

ಕಂಪ್ಯೂಟರನ್ನೇ ಪ್ರಯೋಗಶಾಲೆ ಮಾಡಿಕೊಂಡು, ಯಾರೂ ಎಣಿಸದ ಸತ್ಯವೊಂದನ್ನು ಕಂಡ ಮೊದಲ ಕೆಲವು ಸಂದರ್ಭಗಳಲ್ಲಿ ಇದೊಂದು. ಅರೇಖೀಯ ಕಂಪನದ ಸಿಮ್ಯುಲೇಶನ್ನಿನ ವಂಶಾವಳಿ ಬರೆದರೆ ಮೊದಲ ಅಜ್ಜಿ ಈಕೆಯೇ. ಫರ್ಮಿ 1954ರ ನವೆಂಬರಿನಲ್ಲಿ ತೀರಿಕೊಂಡರು. 1955ರ ಮೇ ತಿಂಗಳ ವರದಿಯ ಮೊದಲ ಪುಟದಲ್ಲಿ, ಬರೆದವರು ಫರ್ಮಿ, ಪಾಸ್ತಾ, ಉಲಂ ಎಂದೂ, ಕೆಲಸ ಮಾಡಿದವರು ಆ ಮೂವರು ಮತ್ತು ಸಿಂಗು ಎಂದೂ ಇದೆ. ಬರೆದವರು ಮೂವರು, ಮಾಡಿದವರು ನಾಲ್ವರು. ಲೋಕ ಮೂವರ ಹೆಸರನ್ನೇ ಹಿಡಿಯಿತು. ಐವತ್ತು ವರ್ಷ ಆ ಸಮಸ್ಯೆಗೆ ಮೂವರದೇ ಹೆಸರು.

1958ರಲ್ಲಿ ಮೇರಿ ಮದುವೆಯಾಗಿ ಮೆಂಜೆಲ್ ಆದಳು. 1972ರಲ್ಲಿ ಅದೇ ಲೆಕ್ಕವನ್ನು ಇನ್ನೂ ದೂರ ಓಡಿಸಿ ಜೇಮ್ಸ್ ಟಕ್ ಜೊತೆ ಪ್ರಬಂಧ ಬರೆದಾಗ ಅದರಲ್ಲಿದ್ದದ್ದು ಗಂಡನ ಮನೆಯ ಹೆಸರು. ಆ ಮೇರಿಯೇ ಈ ಮೇರಿ ಎಂದು ಓದುವವರಿಗೆ ಹೇಗೆ ತಿಳಿಯಬೇಕು? ಹೆಸರು ಬದಲಾಯಿಸಿಕೊಂಡು ಬಂದ ನಮಗೆ ಈ ಸಂಕಟ ಗೊತ್ತು. ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿನ ಹೆಸರನ್ನು ಈಗ ಕೂಗಿ ಕರೆದರೆ ನಾನೇ ತಿರುಗಿ ನೋಡಲಿಕ್ಕಿಲ್ಲ. 2008ರಲ್ಲಿ ಒಬ್ಬ ಫ್ರೆಂಚ್ ವಿಜ್ಞಾನಿ 'ಫಿಸಿಕ್ಸ್ ಟುಡೇ' ಪತ್ರಿಕೆಯಲ್ಲಿ ಈ ಮರೆತ ಮಹಿಳೆಯ ಕಥೆ ಬರೆದ ಮೇಲೆ ಅನೇಕರು ಆ ಸಮಸ್ಯೆಗೆ ನಾಲ್ಕನೆಯ ಹೆಸರನ್ನೂ ಸೇರಿಸಿ ಬರೆಯತೊಡಗಿದರು.

* * *

"ಹಾಗಾದ್ರೆ ಈಗ ನೀವು ಹೇಗೆ ಮಾಡ್ತೀರಿ?" ಎಂದು ಕೇಳಿದೆ. ಸೊಸೆ ಲ್ಯಾಪ್‌ಟಾಪು ತೆರೆದಳು.

ಪೊರೆಯ ಮೇಲೆ ರಂಗೋಲಿಯ ಚುಕ್ಕಿಗಳಂತೆ ಸಾವಿರಾರು ಚುಕ್ಕಿ ಇಡುತ್ತಾರೆ. ಪ್ರತಿ ಚುಕ್ಕಿ ತನ್ನ ನೆರೆಯ ಚುಕ್ಕಿಗಳನ್ನು ಎಷ್ಟು ಎಳೆಯುತ್ತದೆಂದು ಬರೆದು, ಗಳಿಗೆ ಗಳಿಗೆಗೂ ಎಲ್ಲ ಚುಕ್ಕಿಗಳನ್ನು ಒಂದೊಂದು ಹೆಜ್ಜೆ ಮುಂದೆ ಸರಿಸುತ್ತಾರೆ. ಮೇರಿಯ ಸಾಲಿನ ಕಣಗಳು ಇಲ್ಲಿ ಅಂಗಳದ ತುಂಬ ಹರಡಿದ ಹಾಗೆ. ಅಷ್ಟು ಚುಕ್ಕಿಗಳ ಲೆಕ್ಕ ಇಂದಿನ ಕಂಪ್ಯೂಟರಿಗೂ ಹೊರೆ. ಅದಕ್ಕಾಗಿ ಪೊರೆ ಕಂಪಿಸುವ ಮುಖ್ಯವಾದ ನಾಲ್ಕೈದು ಭಂಗಿಗಳನ್ನು ಮಾತ್ರ ಆರಿಸಿ, ಅವು ಒಂದನ್ನೊಂದು ಹೇಗೆ ಎಳೆದಾಡುತ್ತವೆಂದು ನೋಡುವುದೂ ಉಂಟು. ರಾಮನ್ ಅವರ ಮರಳು ತೋರಿಸಿದ್ದು ಇಂಥ ಭಂಗಿಗಳನ್ನೇ.

ಮೆಮ್ಸ್‌ನಲ್ಲಿ ವಿದ್ಯುತ್ತಿನ ಇನ್ನೊಂದು ತಂಟೆ ಇದೆ. 1967ರಲ್ಲಿ ಅಮೆರಿಕದ ಹಾರ್ವೆ ನಾಥನ್ಸನ್ ಮತ್ತು ಸಂಗಡಿಗರು ಟ್ರಾನ್ಸಿಸ್ಟರಿನ ಮೇಲೆ ಚಿನ್ನದ ಪುಟ್ಟ ತೊಲೆಯೊಂದನ್ನು ಕಂಪಿಸುವಂತೆ ಕೂರಿಸಿದ ಸಾಧನದ ವಿವರ ಪ್ರಕಟಿಸಿದರು. ಮೆಮ್ಸ್‌ನ ಹಿರಿಯಣ್ಣ ಎಂದರೆ ಅದು. ವಿದ್ಯುತ್ ಹಾಯಿಸಿದಾಗ ತೊಲೆ ಕೆಳಗಿನ ಹಲಗೆಯ ಕಡೆ ಸೆಳೆಯಲ್ಪಡುತ್ತದೆ. ಹತ್ತಿರ ಹೋದಷ್ಟೂ ಸೆಳೆತ ಜಾಸ್ತಿ. ಸ್ಪ್ರಿಂಗಿನ ಮೇಲೆ ಕೂತ ಚಪ್ಪಟೆ ಹಲಗೆಯಾದರೆ, ಇದ್ದ ಅಂತರದಲ್ಲಿ ಮೂರನೆಯ ಒಂದು ಪಾಲು ಇಳಿಯುವವರೆಗೆ ಸ್ಪ್ರಿಂಗು ತಡೆಯುತ್ತದೆ. ಅದನ್ನು ದಾಟಿತೋ, ತಟ್ಟನೆ ಹೋಗಿ ಅಂಟಿಕೊಳ್ಳುತ್ತದೆ. ಮಾಡಿದ ಸಾಧನ ಕೆಡಬಹುದು. ಲೆಕ್ಕದಲ್ಲಿ ಅಂಟಿದರೆ ಯಾರಿಗೂ ನಷ್ಟವಿಲ್ಲ. ತಿದ್ದಿ ಮತ್ತೆ ಮಾಡಿದರಾಯಿತು.

ಈ ವಿದ್ಯೆಗೆ ನಮ್ಮ ಬೆಂಗಳೂರು ಒಂದು ದೊಡ್ಡ ಮನೆ. ರಾಮನ್ ನಿರ್ದೇಶಕರಾಗಿದ್ದ ಅದೇ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ರೂಪುಗೊಂಡಿತು. ಅದರ ಮೊದಲ ಮುಖ್ಯಸ್ಥರಾದ ರುದ್ರ ಪ್ರತಾಪ್ ಕಂಪನಶಾಸ್ತ್ರದವರು. ಅವರು ಬರೆದ ಮ್ಯಾಟ್‌ಲ್ಯಾಬ್ ಕಲಿಕೆಯ ಪುಸ್ತಕದಿಂದ ಕಂಪ್ಯೂಟರ್ ಲೆಕ್ಕ ಕಲಿತ ವಿದ್ಯಾರ್ಥಿಗಳು ಬಹಳ. ಅದೇ ವರ್ಷ ಜಿ. ಕೆ. ಅನಂತಸುರೇಶ್, ವಿ. ಕೆ. ಆತ್ರೆ ಮೊದಲಾದ ಐವರು ಸೇರಿ ಬರೆದ ಮೈಕ್ರೊ ಸಾಧನಗಳ ಪಠ್ಯಪುಸ್ತಕವೂ ಬಂತು.

ಸೊಸೆ ನನಗೆ ಆ ಕೇಂದ್ರದಿಂದ 2017ರಲ್ಲಿ ಬಂದ ಪ್ರಬಂಧವೊಂದನ್ನು ತೋರಿಸಿದಳು. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ವಸ್ತುವಿನ ಅತಿ ತೆಳು ಪೊರೆಯ ನಗಾರಿ. ನಗಾರಿ ಎಂದೇ ಅವರೂ ಕರೆಯುತ್ತಾರೆ. ಅದರ ಬಿಗಿತವನ್ನು ವಿದ್ಯುತ್ತಿನಿಂದ, ಅದು ಕಂಪಿಸುವ ವೇಗದ ಎರಡರಷ್ಟು ವೇಗದಲ್ಲಿ ಏರಿಸಿ ಇಳಿಸಿ, ಸಣ್ಣ ಕಂಪನವನ್ನು ದೊಡ್ಡದು ಮಾಡಿದ್ದಾರೆ. ನಾನು ಜೋಕಾಲಿಯ ಮೇಲೆ ಕೂತೆದ್ದ ಅದೇ ಎರಡರ ಲೆಕ್ಕ. ಕಲಕತ್ತೆಯ ತಂತಿ ನೂರು ವರ್ಷ ದಾಟಿ ಬೆಂಗಳೂರಿನಲ್ಲಿ ಅಣುಗಳ ನಗಾರಿಯಾಗಿತ್ತು.

ನಾನು ನೋಡಿದ್ದು ಮೇಲಿನ ಹೆಸರುಗಳನ್ನು. ಪರಮೇಶ್ವರ್ ಪ್ರಸಾದ್, ನಿಷ್ಠಾ ಅರೋರಾ, ಅಕ್ಷಯ್ ನಾಯ್ಕ್. ಮೂರೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ. ನಡುವೆ ಒಬ್ಬ ಹೆಣ್ಣುಮಗಳು. ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಸೊಸೆ ಮುಂದಿನ ಪುಟಕ್ಕೆ ಹೋದಳು. ವಿಶೇಷವಿಲ್ಲದಿರುವುದೇ ನನಗೆ ವಿಶೇಷವಾಗಿ ಕಂಡಿತು.

* * *

ಮರುದಿನ ಅಟ್ಟದ ಮೇಲಿನ ಟ್ರಂಕಿನಲ್ಲಿ ನೋಟುಬುಕ್ಕು ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು, ಅಂಕಿಗಳು ಉಳಿದಿದ್ದವು. ಸೊಸೆ ನನ್ನ ಸಮೀಕರಣವನ್ನು ಯಂತ್ರಕ್ಕೆ ಹಾಕಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪರದೆಯ ಮೇಲೆ ಗೆರೆ ಮೂಡಿತು. ಏರುತ್ತ ಹೋಗಿ, ಒಂದು ಬದಿಗೆ ಬಾಗಿ, ಧಡಕ್ಕನೆ ಬಿದ್ದಿತು. ನನ್ನ ಮೂರು ತಿಂಗಳ ಮಳೆಗಾಲ ಅಲ್ಲಿತ್ತು.

"ಹಿಂದಿನ ಉತ್ತರ ಇಟ್ಕೊಂಡೇ ಮುಂದಿನದಕ್ಕೆ ಹೋಗೂದು ಅಂದ್ಯಲ್ಲ, ನಾವೂ ಹಾಗೇ ಮಾಡೂದು ಅತ್ತೆ. ಈಗ ಅದಕ್ಕೊಂದು ದೊಡ್ಡ ಹೆಸರುಂಟು," ಎಂದಳು.

ಒಂದೊಂದೇ ಸಾಲು ತಾಳೆ ನೋಡಿದೆವು. ಎರಡನೆಯ ದಶಾಂಶದವರೆಗೂ ಸರಿ. ಹದಿನೇಳನೆಯ ಪುಟದಲ್ಲಿ ಮಾತ್ರ ಒಂದು ಅಂಕಿ ತಪ್ಪಿತ್ತು. 6 ಇರಬೇಕಾದಲ್ಲಿ 9 ಬರೆದಿದ್ದೆ. ಅಣ್ಣ ಕನ್ನಡಕ ಹಾಕಿಕೊಂಡು ಬಂದು ಹಿಂದೆ ನಿಂತಿದ್ದ. ಕೆಂಪು ರಟ್ಟಿನ ಪ್ರಬಂಧ ತೆಗೆದು ನೋಡಿದರೆ ಅಲ್ಲೂ 9.

ಅಣ್ಣ ಬಹಳ ಹೊತ್ತು ಆ ಪುಟ ಹಿಡಿದುಕೊಂಡಿದ್ದ. ಆಮೇಲೆ ಮಗಳಿಗೆ ಹೇಳಿದ: "ನಾನು ತಾಳೆಯೇ ನೋಡ್ಲಿಲ್ಲ. ತಂಗಿ ಮಾಡಿದ್ದು ಅಂದ್ಮೇಲೆ ಸರಿ ಇರ್ತದೆ ಅಂತ ಹಾಗೇ ಇಳಿಸ್ಕೊಂಡೆ." ಸ್ವಲ್ಪ ತಡೆದು, "ಹೆಸರು ಹಾಕ್ಬೇಕಿತ್ತು," ಎಂದ. ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ನಮ್ಮ ಮನೆಗಳಲ್ಲಿ ಇಂಥ ಮಾತು ಇಷ್ಟೇ ಆಗುವುದು.

ಅವನ ಮೇಲೆ ಈಗ ಸಿಟ್ಟಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನ ಅಂಗಡಿಯ ಖಾತೆ ಬರೆದಿದ್ದೀರಿ, ಗಂಡನ ವರದಿ ತಿದ್ದಿದ್ದೀರಿ, ಮಕ್ಕಳ ಪ್ರಾಜೆಕ್ಟಿಗೆ ರಾತ್ರಿಯೆಲ್ಲ ನಕ್ಷೆ ಎಳೆದಿದ್ದೀರಿ. ಅದರ ಯಾವುದಾದರೂ ಮೂಲೆಯಲ್ಲಿ ನಿಮ್ಮ ಹೆಸರು, ತಾರೀಖು ಬರೆದಿಡಿ. ಐವತ್ತು ವರ್ಷದ ಮೇಲೆ ಯಾರಾದರೂ ಹುಡುಕಿಕೊಂಡು ಬಂದರೆ ಸಿಗಬೇಕಲ್ಲ.

ನನ್ನ ನೋಟುಬುಕ್ಕಿನ ಲೇಬಲ್ಲಿನ ಮೇಲೆ ಇಷ್ಟು ವರ್ಷ ಇದ್ದದ್ದು ಅಣ್ಣನ ಹೆಸರು. ಹುಬ್ಬಳ್ಳಿಗೆ ಹೊರಡುವ ಮೊದಲು ಪೆನ್ನು ತೆಗೆದುಕೊಂಡು ಹದಿನೇಳನೆಯ ಪುಟದ 9ನ್ನು 6 ಮಾಡಿದೆ. ಮೊದಲ ಪುಟಕ್ಕೆ ತಿರುಗಿ, ಬಿ.ಎಸ್ಸಿ. ಸರ್ಟಿಫಿಕೇಟಿನಲ್ಲಿದ್ದ ನನ್ನ ಹಳೆಯ ಹೆಸರನ್ನು ಪೂರ್ತಿ ಬರೆದೆ. ಕೆಳಗೆ: ಅಮದಳ್ಳಿ, 1980.